ವೀಸಾ ಶಿಕ್ಷಕರ ಕೈಯಲ್ಲಿರಲಿ

ಪರದೇಶದಿಂದ ಶಿಕ್ಷಕರನ್ನು ಕರೆಸಿಕೊಳ್ಳುವ ಸರ್ಕಾರಗಳು ಅವರ ಕೆಲಸದ ವೀಸಾವನ್ನು ಒಂದೇ ಶಾಲೆಗೆ ಕಟ್ಟಿಹಾಕಬಾರದು. ಕರೆಸುವ ಖರ್ಚನ್ನು ಶಿಕ್ಷಕರ ತಲೆಯ ಮೇಲೆ ಹೊರಿಸಬಾರದು. ನಾನು ಹೇಳುತ್ತ ಬಂದಿರುವುದು ಇಷ್ಟೇ. ಇದಕ್ಕೆ ಬರುವ ವಿರೋಧ ಮಾತ್ರ ಒಂದೇ ದಿಕ್ಕಿನದಲ್ಲ. ಹೊರಗಿನವರೇ ಬೇಡ ಎನ್ನುವವರು ಒಂದು ಕಡೆ. ಇರುವ ವ್ಯವಸ್ಥೆಯಲ್ಲಿ ಎಲ್ಲರಿಗೂ ಲಾಭವಿದೆ, ನೀವೇಕೆ ಕೆದಕುತ್ತೀರಿ ಎನ್ನುವ ನೇಮಕಾತಿ ಏಜೆನ್ಸಿಗಳು, ಶಾಲಾ ಆಡಳಿತಗಳು ಇನ್ನೊಂದು ಕಡೆ. ಇವರ ನಡುವೆ, ನಮ್ಮ ಶಾಲೆಗಳು ಬರಿದಾಗುತ್ತವಲ್ಲ ಎಂದು ನಿಜವಾಗಿಯೂ ನೊಂದುಕೊಳ್ಳುವವರೂ ಇದ್ದಾರೆ. ಎಲ್ಲರಿಗೂ ಉತ್ತರ ಕೊಡಬೇಕಾದ ಹೊತ್ತು ಬಂದಿದೆ.

ಇದು ಕರ್ನಾಟಕಕ್ಕೆ ದೂರದ ಸಂಗತಿಯಲ್ಲ. 2023ರ ಫೆಬ್ರವರಿಯಿಂದ ಭಾರತ, ಘಾನಾ, ನೈಜೀರಿಯಾ, ಜಮೈಕಾ, ಜಿಂಬಾಬ್ವೆ ಮೊದಲಾದ ದೇಶಗಳಲ್ಲಿ ತರಬೇತಿ ಪಡೆದವರೂ ಇಂಗ್ಲೆಂಡಿನ ಶಿಕ್ಷಕ ಮಾನ್ಯತೆಗೆ, ಅಂದರೆ ಅಲ್ಲಿನವರು ಕ್ಯೂಟಿಎಸ್ ಎನ್ನುವ ಅರ್ಹತೆಗೆ, ನೇರವಾಗಿ ಅರ್ಜಿ ಹಾಕಬಹುದು. ನಮ್ಮವರಿಗೆ ಈ ದಾರಿ ತೆರೆದಿರುವುದು 11ರಿಂದ 16 ವಯಸ್ಸಿನ ಮಕ್ಕಳಿಗೆ ಗಣಿತ, ವಿಜ್ಞಾನ, ಭಾಷೆಗಳನ್ನು ಕಲಿಸುವವರಿಗೆ ಮಾತ್ರ. ಬಿ.ಎಸ್ಸಿ., ಬಿ.ಎಡ್. ಮುಗಿಸಿ ಕೆಲಸ ಕಾಯುತ್ತ ಕೂತ ಹುಡುಗ ಹುಡುಗಿಯರು ಯಾವ ಜಿಲ್ಲೆಯಲ್ಲಿಲ್ಲ? ಅವರಿಗೆ ಈ ಸುದ್ದಿ ತಲುಪಿದೆ. ಸುದ್ದಿಯ ಬೆನ್ನಿಗೇ ಏಜೆಂಟರೂ ತಲುಪಿದ್ದಾರೆ.

ಮೊದಲ ಆಕ್ಷೇಪ ಕರೆಸಿಕೊಳ್ಳುವ ದೇಶದವರದು. ಹೊರಗಿನ ಶಿಕ್ಷಕರು ಬಂದರೆ ಸ್ಥಳೀಯರ ಕೆಲಸ ಹೋಗುತ್ತದೆ, ಸಂಬಳ ಇಳಿಯುತ್ತದೆ ಎಂಬುದು. ಕೆಲಸದ ಮಾತು ಹೇಳುವುದಾದರೆ, ಹೊರಗಿನವರನ್ನು ಕರೆಸುವ ಹುದ್ದೆಗಳು ಯಾವುವು ಎಂದು ನೋಡಿದರೆ ಸಾಕು. ಗಣಿತ, ಭೌತವಿಜ್ಞಾನ, ವಿಶೇಷ ಅಗತ್ಯದ ಮಕ್ಕಳ ತರಗತಿ. ಊರಾಚೆಯ ಜಿಲ್ಲೆಗಳು, ದೊಡ್ಡ ನಗರಗಳ ಬಡ ಕೇರಿಗಳು. ಅಮೆರಿಕದಲ್ಲಿ ಬಾಲ್ಟಿಮೋರ್‌ನಂಥ ನಗರ ಫಿಲಿಪೈನ್ಸ್‌ನತ್ತ ಕೈಚಾಚಿದ್ದು ಅಲ್ಲಿನವರು ಆ ಹುದ್ದೆಗಳಿಗೆ ಬಾರದೆ ಹೋದದ್ದರಿಂದ. ಸಂಬಳದ ಮಾತು ಬೇರೆ. ಅಮೆರಿಕದ ಸರ್ಕಾರಿ ಶಾಲೆಯಲ್ಲಿ ಸಂಬಳ ಸಾಮಾನ್ಯವಾಗಿ ಪದವಿ ಮತ್ತು ಸೇವಾವಧಿಯ ಲೆಕ್ಕದಲ್ಲಿ ಅಚ್ಚಾದ ಪಟ್ಟಿಯ ಪ್ರಕಾರ ಸಿಗುತ್ತದೆ. ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿ ಬಂದವರಿಗೆ ಆ ಪ್ರದೇಶದ ಚಾಲ್ತಿ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ ಎಂದು ಕಾನೂನೇ ಹೇಳುತ್ತದೆ. ಆದರೂ ಅಲ್ಲಿನ ಶಿಕ್ಷಕರ ಅಳುಕಿನಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ಶಾಲೆ ಬಿಟ್ಟು ಹೋಗಲಾರದ ಶಿಕ್ಷಕಿ ಸಂಜೆಯ ಹೆಚ್ಚುವರಿ ಕೆಲಸ ಬೇಡವೆನ್ನಲಾರಳು. ಸಂಘಕ್ಕೆ ಸೇರಲು ಹಿಂಜರಿಯುತ್ತಾಳೆ. ತರಗತಿಯಲ್ಲಿ ಮಕ್ಕಳು ಮಿತಿಮೀರಿ ತುಂಬಿದ್ದಾರೆ ಎಂದು ಬಾಯಿಬಿಟ್ಟು ಹೇಳಲು ಹೆದರುತ್ತಾಳೆ. ಅವಳ ಮೌನದಿಂದ ಪಕ್ಕದ ಕೊಠಡಿಯ ಸ್ಥಳೀಯ ಶಿಕ್ಷಕಿಯ ದನಿಯೂ ಕುಗ್ಗುತ್ತದೆ. ಹಾಗಾದರೆ ಮದ್ದು ಯಾವುದು? ಅವಳನ್ನು ವಾಪಸು ಕಳಿಸುವುದಲ್ಲ, ಅವಳಿಗೆ ಶಾಲೆ ಬದಲಿಸುವ ಸ್ವಾತಂತ್ರ್ಯ ಕೊಡುವುದು. ಅಮೆರಿಕನ್ ಫೆಡರೇಷನ್ ಆಫ್ ಟೀಚರ್ಸ್ ಎಂಬ ಅಲ್ಲಿನ ದೊಡ್ಡ ಶಿಕ್ಷಕ ಸಂಘ ಈ ಸತ್ಯವನ್ನು ಬೇಗ ಅರಿತಿತು. 2009ರಲ್ಲಿ ಅದು ವಿದೇಶಿ ಶಿಕ್ಷಕರ ನೇಮಕಾತಿಯ ಬಗ್ಗೆ ವರದಿ ತಂದಿತು. ಮರುವರ್ಷ ಫಿಲಿಪೈನ್ಸ್‌ನ ಶಿಕ್ಷಕರ ಪರವಾಗಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು.

ಆ ಮೊಕದ್ದಮೆಯ ಕಥೆಯೇ ಎರಡನೆಯ ಆಕ್ಷೇಪಕ್ಕೆ ಉತ್ತರ. ಆಕ್ಷೇಪ ಹೀಗಿದೆ: ಶಿಕ್ಷಕರು ಓದಿದವರು, ಕಣ್ಣು ತೆರೆದೇ ಕರಾರಿಗೆ ಸಹಿ ಹಾಕಿದವರು, ಡಾಲರ್ ಸಂಬಳ ಬರುವಾಗ ಏಜೆನ್ಸಿಗೆ ಒಂದಿಷ್ಟು ಕೊಟ್ಟರೆ ಏನಾಯಿತು?

2007ರಿಂದ ಮೊದಲಾಗಿ ಲೂಯಿಸಿಯಾನ ರಾಜ್ಯದ ಶಾಲೆಗಳಿಗೆ, ಮುಖ್ಯವಾಗಿ ಈಸ್ಟ್ ಬ್ಯಾಟನ್ ರೂಜ್‌ಗೆ, ಫಿಲಿಪೈನ್ಸ್‌ನಿಂದ ಸುಮಾರು 350 ಶಿಕ್ಷಕರು ಎಚ್-1ಬಿ ವೀಸಾದಲ್ಲಿ ಹೋದರು. ಕರೆದೊಯ್ದದ್ದು ಲಾಸ್ ಏಂಜಲೀಸ್‌ನ ಯೂನಿವರ್ಸಲ್ ಪ್ಲೇಸ್‌ಮೆಂಟ್ ಇಂಟರ್‌ನ್ಯಾಷನಲ್ ಎಂಬ ಕಂಪನಿ. ಶಿಕ್ಷಕರ ದಾವೆಯ ಪ್ರಕಾರ ಮೊದಲ ಕಂತಾಗಿ ವಾಪಸಾಗದ 5,000 ಡಾಲರ್ ಕಟ್ಟಿಸಿಕೊಂಡರು. ಅದನ್ನು ಕಟ್ಟಿದ ಮೇಲೆ ಇನ್ನೂ ದೊಡ್ಡ ಕಂತೊಂದಿದೆ ಎಂದು ತಿಳಿಸಿದರು. ಒಟ್ಟು ಖರ್ಚು ಒಬ್ಬೊಬ್ಬರಿಗೆ ಸುಮಾರು 16,000 ಡಾಲರ್ ಮುಟ್ಟಿತು; ಫಿಲಿಪೈನ್ಸ್‌ನ ಒಂದು ಸಾಮಾನ್ಯ ಕುಟುಂಬದ ವರ್ಷದ ಆದಾಯದ ಹಲವು ಪಟ್ಟು. ಜನ ಹೆಚ್ಚಿನ ಬಡ್ಡಿಗೆ ಸಾಲ ಎತ್ತಿದರು. ಎರಡನೆಯ ವರ್ಷದ ಸಂಬಳದಲ್ಲೂ ಹತ್ತನೇ ಒಂದು ಪಾಲು ಕೊಡಬೇಕೆಂಬ ಕರಾರು ಬಂತು. ಹಣ ಪೂರ್ತಿ ಬರುವತನಕ ಪಾಸ್‌ಪೋರ್ಟು, ವೀಸಾ ಕಾಗದಗಳನ್ನು ಕಂಪನಿಯೇ ಇಟ್ಟುಕೊಂಡಿತು ಎಂದೂ ಶಿಕ್ಷಕರು ಹೇಳಿದರು.

ಈಗ ಸಹಿಯ ವಿಚಾರಕ್ಕೆ ಬನ್ನಿ. ಮೊದಲ ಕಂತಿಗೆ ಸಾಲ ಮಾಡಿದವರ ಮುಂದೆ ಎರಡನೆಯ ಕಾಗದ ಇಟ್ಟಾಗ ಅವರಿಗಿದ್ದ ದಾರಿ ಎರಡೇ: ಸಹಿ ಹಾಕುವುದು, ಇಲ್ಲವೇ ಸಾಲ ಹೊತ್ತು ಮನೆಗೆ ಹೋಗುವುದು. ಇದನ್ನು ಒಪ್ಪಿಗೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. 2010ರಲ್ಲಿ ಲೂಯಿಸಿಯಾನದ ಕಾರ್ಮಿಕ ಆಡಳಿತದ ಮುಂದೆ ವಿಚಾರಣೆ ನಡೆದು, ಪರವಾನಗಿ ಇಲ್ಲದೆ ವ್ಯವಹಾರ ಮಾಡಿದ ಕಂಪನಿ ಶುಲ್ಕ ಮರಳಿಸಬೇಕೆಂಬ ತೀರ್ಮಾನ ಬಂತು. 2012ರ ಡಿಸೆಂಬರ್‌ನಲ್ಲಿ ಫೆಡರಲ್ ನ್ಯಾಯಾಲಯದ ಜ್ಯೂರಿ ಶಿಕ್ಷಕರಿಗೆ 45 ಲಕ್ಷ ಡಾಲರ್ ಕೊಡಬೇಕೆಂದು ಹೇಳಿತು. ಅದೇ ಜ್ಯೂರಿ ಮಾನವ ಸಾಗಣೆಯ ಆರೋಪವನ್ನು ಒಪ್ಪಲಿಲ್ಲ, ಶಾಲಾ ಮಂಡಳಿಯನ್ನು ಹೊಣೆ ಮಾಡಲಿಲ್ಲ. ಏಜೆನ್ಸಿಗಳ ಪರ ವಾದಿಸುವವರು ಇದನ್ನು ಎತ್ತಿ ತೋರಿಸುತ್ತಾರೆ, ತೋರಿಸಲಿ. ನನಗೆ ಹೆಚ್ಚು ಕಳವಳ ತಂದಿರುವುದೂ ಅದೇ ಸಂಗತಿ. ಆ ಶಿಕ್ಷಕರನ್ನು ಬೇಕೆಂದು ಕೇಳಿದ್ದು ಶಾಲೆ, ವೀಸಾ ಅರ್ಜಿಗೆ ಪ್ರಾಯೋಜಕನಾಗಿ ಸಹಿ ಹಾಕಿದ್ದೂ ಶಾಲೆ, ಅವರಿಂದ ಪಾಠ ಮಾಡಿಸಿಕೊಂಡದ್ದೂ ಶಾಲೆ. ಸುಲಿಗೆಯ ಪ್ರಶ್ನೆ ಬಂದಾಗ ಮಾತ್ರ ಅದು ಏಜೆನ್ಸಿಗೂ ಶಿಕ್ಷಕರಿಗೂ ಬಿಟ್ಟ ಖಾಸಗಿ ವ್ಯವಹಾರವಾಗಿಬಿಟ್ಟಿತು. ಅದಕ್ಕೇ ನಾನು ಹೇಳುವುದು, ನೇಮಕಾತಿಯ ಖರ್ಚು ಪೂರ್ತಿಯಾಗಿ ನೇಮಿಸಿಕೊಳ್ಳುವವರದ್ದೇ ಆಗಬೇಕು, ಏಜೆನ್ಸಿ ಶಿಕ್ಷಕರಿಂದ ಬಿಡಿಗಾಸು ಪಡೆದರೂ ಶಾಲೆಯೇ ಉತ್ತರ ಹೇಳಬೇಕು ಎಂದು. ಇದು ನನ್ನ ಹೊಸ ಕಲ್ಪನೆಯೇನಲ್ಲ. ಖಾಸಗಿ ಉದ್ಯೋಗ ಏಜೆನ್ಸಿಗಳು ಕೆಲಸಗಾರರಿಂದ ಶುಲ್ಕ ವಸೂಲಿ ಮಾಡಬಾರದೆಂಬ ತತ್ವವನ್ನು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1997ರ ತನ್ನ 181ನೇ ಒಡಂಬಡಿಕೆಯಲ್ಲೇ ಬರೆದಿಟ್ಟಿದೆ.

‘ಕೆಟ್ಟವರು ಎಲ್ಲೆಡೆ ಇರುತ್ತಾರೆ, ಕಾನೂನು ಅವರನ್ನು ಹಿಡಿಯಿತಲ್ಲ, ಮತ್ತೇನು ಬೇಕು?’ ಎಂಬುದು ಮುಂದಿನ ಮಾತು. ಕಾನೂನು ಹಿಡಿದಾಗ ಏನಾಗುತ್ತದೆ ಎಂಬುದನ್ನು ಮೇರಿಲ್ಯಾಂಡ್ ರಾಜ್ಯದ ಪ್ರಿನ್ಸ್ ಜಾರ್ಜಸ್ ಕೌಂಟಿ ತೋರಿಸಿಕೊಟ್ಟಿದೆ, ಮತ್ತು ನನ್ನ ಇಡೀ ವಾದ ನಿಂತಿರುವುದು ಈ ಒಂದು ಪ್ರಕರಣದ ಮೇಲೆ ಎಂದರೂ ತಪ್ಪಲ್ಲ. ಅಲ್ಲಿ ಮೋಸಗಾರ ಏಜೆನ್ಸಿಯ ಪ್ರಶ್ನೆಯಿರಲಿಲ್ಲ. ತಪ್ಪು ಮಾಡಿದ್ದು ಸರ್ಕಾರಿ ಶಾಲಾ ಆಡಳಿತವೇ. ಎಚ್-1ಬಿ ಅರ್ಜಿಯ ಶುಲ್ಕ, ವಕೀಲರ ಖರ್ಚನ್ನು ಉದ್ಯೋಗದಾತರೇ ಭರಿಸಬೇಕೆಂಬುದು ನಿಯಮ. ಕೌಂಟಿ ಅದನ್ನು ಶಿಕ್ಷಕರಿಂದ ಕಟ್ಟಿಸಿತ್ತು. 2011ರಲ್ಲಿ ಅಮೆರಿಕದ ಕಾರ್ಮಿಕ ಇಲಾಖೆ ತನಿಖೆ ಮುಗಿಸಿ, ಒಂದು ಸಾವಿರಕ್ಕೂ ಹೆಚ್ಚು ಶಿಕ್ಷಕರಿಗೆ ಸುಮಾರು 42 ಲಕ್ಷ ಡಾಲರ್ ಬಾಕಿ ಕೊಡಬೇಕೆಂದಿತು. ಅವರಲ್ಲಿ ಬಹುಪಾಲು ಮಂದಿ ಫಿಲಿಪೈನ್ಸ್‌ನವರು. ಹಣ ಬಂತು. ಅದರ ಜೊತೆಗೆ ಇನ್ನೊಂದು ಶಿಕ್ಷೆಯೂ ಬಂತು: ಮುಂದಿನ 2 ವರ್ಷ ಆ ಕೌಂಟಿ ಎಚ್-1ಬಿ ಅರ್ಜಿ ಹಾಕುವಂತಿಲ್ಲ. ಹೊಸ ಅರ್ಜಿ ಮಾತ್ರವಲ್ಲ, ಇರುವವರ ವೀಸಾ ನವೀಕರಣವೂ ಇಲ್ಲ. ವರ್ಷಗಟ್ಟಲೆ ಅಲ್ಲಿನ ಮಕ್ಕಳಿಗೆ ಪಾಠ ಹೇಳಿದ ನೂರಾರು ಶಿಕ್ಷಕರು, ತಮ್ಮದೇ ದುಡ್ಡು ಕಳೆದುಕೊಂಡವರು, ಅವಧಿ ಮುಗಿದಂತೆ ಕೆಲಸವನ್ನೂ ಆ ದೇಶದಲ್ಲಿ ಇರುವ ಹಕ್ಕನ್ನೂ ಕಳೆದುಕೊಂಡರು. ತಪ್ಪು ಮಾಡಿದ ಆಡಳಿತದವರು ತಮ್ಮ ಊರಿನಲ್ಲೇ ಉಳಿದರು.

ಶಿಕ್ಷಕರು ಬೀದಿಗಿಳಿದು ಪ್ರತಿಭಟಿಸಿದರು. ಫಲ ಸಿಗಲಿಲ್ಲ. ಇದರಲ್ಲಿ ಯಾವ ಅಧಿಕಾರಿಯ ದುರುದ್ದೇಶವನ್ನೂ ನಾನು ಕಾಣುತ್ತಿಲ್ಲ. ಇಲಾಖೆ ಕಾನೂನನ್ನು ಅಕ್ಷರಶಃ ಪಾಲಿಸಿತು. ಮೂಗುದಾರ ಮಾಲೀಕನ ಕೈಯಲ್ಲಿರುವಾಗ ಮಾಲೀಕನಿಗೆ ಬಿದ್ದ ಏಟು ಎತ್ತಿಗೇ ಎಳೆತವಾಗುತ್ತದೆ. ಇಂಥ ಕಡೆ ದೂರು ಕೊಡುವ ಧೈರ್ಯ ಯಾರಿಗೆ ಉಳಿದೀತು? ಗೆದ್ದರೂ ದೇಶ ಬಿಡಬೇಕು ಎಂದಾದರೆ, ಶುಲ್ಕ ಕಟ್ಟಿ ಬಾಯಿಮುಚ್ಚಿಕೊಂಡಿರುವುದೇ ಜಾಣತನ ಎಂದು ಯಾವ ಸಂಸಾರಸ್ಥನೂ ಲೆಕ್ಕ ಹಾಕುತ್ತಾನೆ. ಕಾನೂನು ಇದೆ ಎನ್ನುವವರಿಗೆ ನನ್ನ ಉತ್ತರ ಇದೇ: ವೀಸಾ ಶಾಲೆಗೆ ಕಟ್ಟಿರುವ ತನಕ ಆ ಕಾನೂನಿನ ಬಾಗಿಲು ತಟ್ಟುವವರು ತೀರ ಕಡಿಮೆ.

ವೀಸಾ ಇರುವಾಗಲೇ ಶಾಲೆ ಬದಲಿಸಬಹುದಲ್ಲ ಎನ್ನುತ್ತಾರೆ. ಕಾಗದದಲ್ಲಿ ಹೌದು. ಅಮೆರಿಕದಲ್ಲಿ 2000ದಿಂದಲೇ ಎಚ್-1ಬಿ ಕೆಲಸಗಾರರು ಬೇರೆ ಉದ್ಯೋಗದಾತರ ಬಳಿಗೆ ಹೋಗುವ ಅವಕಾಶವಿದೆ. ಆದರೆ ಹೊಸ ಶಾಲೆ ಮತ್ತೆ ಅರ್ಜಿ ಹಾಕಬೇಕು, ಮತ್ತೆ ಖರ್ಚು ಮಾಡಬೇಕು, ಬೇರೆ ರಾಜ್ಯವಾದರೆ ಶಿಕ್ಷಕ ಪರವಾನಗಿ ಮತ್ತೆ ಮಾಡಿಸಬೇಕು. ಕೆಲಸ ಹೋದ ಮೇಲೆ ಇದಕ್ಕೆಲ್ಲ ಸಿಗುವ ಕಾಲ ಹೆಚ್ಚೆಂದರೆ 60 ದಿನ. ಬ್ರಿಟನ್ನಿನಲ್ಲೂ ಪ್ರಾಯೋಜಕ ಶಾಲೆ ಕೈಬಿಟ್ಟರೆ ವೀಸಾವನ್ನು ಸಾಮಾನ್ಯವಾಗಿ 60 ದಿನಕ್ಕೆ ಮೊಟಕುಗೊಳಿಸುತ್ತಾರೆ. ನಡುವರ್ಷದಲ್ಲಿ ಶಿಕ್ಷಕರ ನೇಮಕ ಎಷ್ಟು ವಿರಳ ಎಂಬುದು ಶಾಲೆಯ ಒಳಹೊರಗು ಬಲ್ಲ ಎಲ್ಲರಿಗೂ ಗೊತ್ತು.

ಎದುರಾಳಿಗಳ ಮಾತಿನಲ್ಲಿ ನಾನು ಗೌರವಿಸುವ ಆಕ್ಷೇಪವೊಂದಿದೆ, ಅದು ಮುಖ್ಯೋಪಾಧ್ಯಾಯರದು. ಅಷ್ಟು ದುಡ್ಡು ಸುರಿದು, ವರ್ಷ ಕಾದು ಕರೆಸಿಕೊಂಡ ಗಣಿತ ಶಿಕ್ಷಕ ಆರು ತಿಂಗಳಿಗೆ ಪಕ್ಕದ ಊರಿನ ಒಳ್ಳೆಯ ಶಾಲೆಗೆ ಹೊರಟುಬಿಟ್ಟರೆ ನನ್ನ ಮಕ್ಕಳ ಗತಿಯೇನು ಎಂದು ಅವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬಡ ಶಾಲೆಗಳಿಗೇ ಈ ಪೆಟ್ಟು ಹೆಚ್ಚು ಬೀಳುತ್ತದೆ ಎಂಬುದೂ ನಿಜ. ಆದರೆ ಇದೇ ಕಷ್ಟ ಸ್ಥಳೀಯ ಶಿಕ್ಷಕರ ವಿಷಯದಲ್ಲೂ ಇದೆ, ಅದಕ್ಕೆ ಪರಿಹಾರವೂ ಇದೆ. ಇಂಗ್ಲೆಂಡಿನ ಶಾಲೆಗಳಲ್ಲಿ ರೂಢಿಯಾಗಿ ನಡೆದುಬಂದ ಕಟ್ಟಳೆಯ ಪ್ರಕಾರ ಡಿಸೆಂಬರ್ ಕೊನೆಗೆ ಬಿಡುವವರು ಅಕ್ಟೋಬರ್ 31ರೊಳಗೆ, ಬೇಸಿಗೆಯ ಅವಧಿ ಮುಗಿಸಿ ಬಿಡುವವರು ಮೇ 31ರೊಳಗೆ ರಾಜೀನಾಮೆ ಕೊಡಬೇಕು. ತರಗತಿಯ ನಡುವೆ ಮಕ್ಕಳನ್ನು ಬಿಟ್ಟು ಹೋಗದಂತೆ ಕಾಯುವುದಕ್ಕೆ ಈ ಕಟ್ಟಳೆ ಸಾಕು. ಲಂಡನ್ನಿನಲ್ಲಿ ಹುಟ್ಟಿದವರಿಗೆ ಸಾಕಾದದ್ದು ಹುಬ್ಬಳ್ಳಿಯಲ್ಲಿ ಹುಟ್ಟಿದವರಿಗೆ ಏಕೆ ಸಾಲದು? ದುಡ್ಡಿನ ಮಾತಾದರೆ, ಶಿಕ್ಷಕನನ್ನು ಬೇಗ ಸೆಳೆದುಕೊಂಡ ಹೊಸ ಶಾಲೆ ಉಳಿದ ಅವಧಿಯ ಪಾಲನ್ನು ಹಳೆಯ ಶಾಲೆಗೆ ಕಟ್ಟಲಿ. ಶಾಲೆ ಶಾಲೆಗಳ ನಡುವೆ ಲೆಕ್ಕ ಚುಕ್ತಾ ಆಗಲಿ, ಶಿಕ್ಷಕನ ಸಂಬಳದಿಂದ ಮುರಿಯುವುದು ಬೇಡ. ಬ್ರಿಟನ್ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿದೆ: ಪ್ರಾಯೋಜಕ ಪರವಾನಗಿ ಮತ್ತು ಪ್ರಾಯೋಜಕತ್ವ ಪ್ರಮಾಣಪತ್ರದ ಶುಲ್ಕವನ್ನು ಸ್ಕಿಲ್ಡ್ ವರ್ಕರ್ ವೀಸಾದವರ ಮೇಲೆ ಹೊರಿಸುವುದನ್ನು 2024ರ ಕೊನೆಯಿಂದ ನಿಷೇಧಿಸಿದೆ.

ಒಂದೇ ಹೆಜ್ಜೆ ಎಂದೆ, ಏಕೆಂದರೆ ಶಿಕ್ಷಕರ ಜೇಬಿನಿಂದ ಹೋಗುವ ದೊಡ್ಡ ಮೊತ್ತ ಹಾಗೆಯೇ ಉಳಿದಿದೆ. ಬ್ರಿಟನ್ನಿನ ವಲಸೆ ಆರೋಗ್ಯ ಶುಲ್ಕ ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776 ಪೌಂಡ್. ವೀಸಾದ ಪೂರ್ತಿ ಅವಧಿಯದ್ದನ್ನು ಮುಂಗಡವಾಗಿಯೇ ಕಟ್ಟಬೇಕು. ಗಂಡ, ಹೆಂಡತಿ, ಇಬ್ಬರು ಮಕ್ಕಳ ಸಂಸಾರ 5 ವರ್ಷದ ವೀಸಾ ಪಡೆಯುವುದಾದರೆ ಇದೊಂದೇ 18,110 ಪೌಂಡ್ ಆಗುತ್ತದೆ. ವೀಸಾ ಅರ್ಜಿಯ ಶುಲ್ಕ ಬೇರೆ, ವಿಮಾನ ಬೇರೆ, ಮನೆ ಬಾಡಿಗೆಯ ಮುಂಗಡ ಬೇರೆ. ಲಂಡನ್ನಿನ ಹೊರಗೆ ಹೊಸ ಶಿಕ್ಷಕರ ಆರಂಭದ ವಾರ್ಷಿಕ ವೇತನ 2025ರ ಸೆಪ್ಟೆಂಬರ್‌ನಿಂದ 32,916 ಪೌಂಡ್. ತೆರಿಗೆ ಕಳೆದರೆ ಇನ್ನೂ ಕಡಿಮೆ. ಡಾಲರಿನಲ್ಲಿ, ಪೌಂಡಿನಲ್ಲಿ ದುಡಿಯುವವರಿಗೆ ಈ ಖರ್ಚು ಲೆಕ್ಕಕ್ಕಿಲ್ಲ ಎನ್ನುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಲಿ. ಈ ಖರ್ಚನ್ನು ಶಾಲೆಯೇ ಮೊದಲು ಕಟ್ಟಿ, ಬಿಟ್ಟರೆ ವಾಪಸು ಕೊಡಬೇಕೆಂದು ಕರಾರು ಮಾಡಿಕೊಂಡರೆ ಮತ್ತೆ ಅದೇ ಸಾಲ, ಅದೇ ಕಟ್ಟು.

ಶಾಲೆಗಳ ಮೇಲೆ ಭಾರಿ ಶುಲ್ಕ ಹೇರಿದರೆ ಶೋಷಣೆ ತಾನಾಗಿ ನಿಲ್ಲುತ್ತದೆ ಎಂಬ ವಾದವೂ ಇತ್ತೀಚೆಗೆ ಕೇಳಿಬರುತ್ತಿದೆ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಹೊರದೇಶದಿಂದ ಹೊಸದಾಗಿ ಬರುವ ಎಚ್-1ಬಿ ಕೆಲಸಗಾರರಿಗೆ ತಲಾ 1,00,000 ಡಾಲರ್ ಶುಲ್ಕ ವಿಧಿಸುವ ಘೋಷಣೆ ಹೊರಡಿಸಿದರು. ಅಲ್ಲಿನ ಸರ್ಕಾರಿ ಶಾಲಾ ಶಿಕ್ಷಕರ ಸರಾಸರಿ ವಾರ್ಷಿಕ ಸಂಬಳವೇ 72,000 ಡಾಲರ್ ಆಸುಪಾಸು. ಯಾವ ಶಾಲಾ ಜಿಲ್ಲೆ ಇದನ್ನು ಕಟ್ಟೀತು? ಕಟ್ಟದ ಶಾಲೆಗಳ ಮುಂದೆ ಉಳಿಯುವ ದಾರಿ ಜೆ-1 ವೀಸಾ. ಅದು 1961ರ ಕಾನೂನಿನಡಿ ಸಾಂಸ್ಕೃತಿಕ ವಿನಿಮಯಕ್ಕೆಂದು ಹುಟ್ಟಿದ ವೀಸಾ. ಶಿಕ್ಷಕರಿಗೆ 3 ವರ್ಷ, ವಿಸ್ತರಿಸಿದರೆ ಹೆಚ್ಚೆಂದರೆ 5 ವರ್ಷ, ಆಮೇಲೆ ಹೊರಡಬೇಕು. ಎಚ್-1ಬಿಯಲ್ಲಿ ಇರುವಂತೆ ಕಾರ್ಮಿಕ ಇಲಾಖೆಯ ಮುಂದೆ ವೇತನದ ಬಗ್ಗೆ ಮುಚ್ಚಳಿಕೆ ಬರೆದುಕೊಡುವ ಕಟ್ಟಳೆ ಇದರಲ್ಲಿಲ್ಲ. ಪ್ರಾಯೋಜಕತ್ವ ಶಾಲೆಯದ್ದೂ ಆಗಬೇಕಿಲ್ಲ, ಮಧ್ಯವರ್ತಿ ಸಂಸ್ಥೆಯದ್ದಾದರೂ ನಡೆಯುತ್ತದೆ. ಶುಲ್ಕದ ಗೋಡೆ ಶಿಕ್ಷಕರನ್ನು ಹೆಚ್ಚು ರಕ್ಷಣೆಯ ದಾರಿಯಿಂದ ಕಡಿಮೆ ರಕ್ಷಣೆಯ ದಾರಿಗೆ ತಳ್ಳುತ್ತದೆ, ಅಷ್ಟೇ.

ಉಚ್ಚಾರಣೆ ಅರ್ಥವಾಗುವುದಿಲ್ಲ, ಸಂಸ್ಕೃತಿ ಹೊಂದುವುದಿಲ್ಲ ಎಂಬ ಮಾತಿಗೆ ಬಹಳ ಹೊತ್ತು ಕೊಡಲಾರೆ. 1901ರಲ್ಲಿ ಅಮೆರಿಕ ‘ಥಾಮಸ್’ ಎಂಬ ಹಡಗಿನಲ್ಲಿ ಸುಮಾರು 500 ಶಿಕ್ಷಕರನ್ನು ಫಿಲಿಪೈನ್ಸ್‌ಗೆ ಕಳಿಸಿ ಅಲ್ಲಿನ ಶಾಲೆಗಳನ್ನು ಇಂಗ್ಲಿಷಿಗೆ ತಿರುಗಿಸಿತು. ಅಲ್ಲಿ ಓದಿ ಬೆಳೆದವರ ಮರಿಮಕ್ಕಳ ಇಂಗ್ಲಿಷ್ ಈಗ ಅಮೆರಿಕದ ಮಕ್ಕಳಿಗೆ ಸಾಲದು ಎನ್ನುವುದು ಸಲ್ಲದ ಮಾತು.

ಇನ್ನು ನಮ್ಮವರ ನೋವಿನ ಪ್ರಶ್ನೆ. ನಮ್ಮ ತೆರಿಗೆಯಲ್ಲಿ ಓದಿದ ಶಿಕ್ಷಕರು ಅನ್ಯರ ಮಕ್ಕಳಿಗೆ ಪಾಠ ಹೇಳಲು ಹೋಗುವುದು ಸರಿಯೇ? ಜಮೈಕಾದಂಥ ಪುಟ್ಟ ದೇಶದ ಬಾಯಲ್ಲಿ ಈ ಪ್ರಶ್ನೆ ಬಂದರೆ ನಾನು ತಲೆಬಾಗುತ್ತೇನೆ. ಈ ಶತಮಾನದ ಆರಂಭದಲ್ಲಿ ಕೆರಿಬಿಯನ್ ದ್ವೀಪಗಳ ಶಿಕ್ಷಕರನ್ನು ಬ್ರಿಟನ್, ಅಮೆರಿಕದ ಏಜೆಂಟರು ಗುಂಪುಗುಂಪಾಗಿ ಕರೆದೊಯ್ದಾಗ ಅಲ್ಲಿನ ಶಾಲೆಗಳು ತತ್ತರಿಸಿದವು. ಅದರ ಫಲವಾಗಿಯೇ 2004ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ಸ್ಟೋಕ್ ರಾಚ್‌ಫೋರ್ಡ್‌ನಲ್ಲಿ ಕಾಮನ್‌ವೆಲ್ತ್ ಶಿಕ್ಷಣ ಮಂತ್ರಿಗಳು ಶಿಕ್ಷಕರ ನೇಮಕಾತಿಯ ಒಪ್ಪಂದವೊಂದನ್ನು ಅಂಗೀಕರಿಸಿದರು. ಕಳಿಸುವ ದೇಶಕ್ಕೆ ಮಾಹಿತಿ ಕೊಡಬೇಕು, ಶಾಲಾ ವರ್ಷದ ನಡುವೆ ಶಿಕ್ಷಕರನ್ನು ಎತ್ತಿಕೊಂಡು ಹೋಗಬಾರದು, ಹೋದವರಿಗೆ ಸ್ಥಳೀಯರಿಗೆ ಸಮನಾದ ಷರತ್ತು ಸಿಗಬೇಕು ಎಂಬ ಅರ್ಥದ ಮಾತುಗಳು ಅದರಲ್ಲಿವೆ. ಭಾರತವೂ ಕಾಮನ್‌ವೆಲ್ತ್ ದೇಶ. ಆ ಒಪ್ಪಂದಕ್ಕೆ ಕಾನೂನಿನ ಬಲವಿಲ್ಲದಿರುವುದು ದೊಡ್ಡ ಕೊರತೆ.

ಆದರೆ ಇದೇ ಪ್ರಶ್ನೆಯನ್ನು ಕರ್ನಾಟಕ ಕೇಳಿದರೆ ನನ್ನ ಉತ್ತರ ಬೇರೆ. ಇಲ್ಲಿ ಶಿಕ್ಷಕರಾಗಲು ಕಲಿತವರ ಬರವಿಲ್ಲ, ಖಾಯಂ ನೇಮಕಾತಿಯ ಬರವಿದೆ. ಪ್ರತಿ ಜೂನ್‌ನಲ್ಲಿ ಹತ್ತಾರು ಸಾವಿರ ಅತಿಥಿ ಶಿಕ್ಷಕರನ್ನು ತಿಂಗಳಿಗೆ ಹತ್ತು ಹನ್ನೆರಡು ಸಾವಿರ ರೂಪಾಯಿ ಗೌರವಧನಕ್ಕೆ ತೆಗೆದುಕೊಂಡು, ಶೈಕ್ಷಣಿಕ ವರ್ಷ ಮುಗಿಯುತ್ತಲೇ ಮನೆಗೆ ಕಳಿಸುವ ರಾಜ್ಯ, ಹೊರಟವರನ್ನು ಪಲಾಯನದ ಅಪರಾಧಿಗಳನ್ನಾಗಿ ಮಾಡುವುದು ಅನ್ಯಾಯ. ಟಿಇಟಿ ಪಾಸಾಗಿ, ಸಿಇಟಿಗೆ ಕಾದು, ವಯೋಮಿತಿ ಮೀರುವುದನ್ನು ನೋಡುತ್ತ ಕೂತ ಹೆಣ್ಣುಮಗಳಿಗೆ ‘ನೀನು ನಾಡಿಗೆ ಬೇಕು’ ಎಂದು ಹೇಳುವ ಮೊದಲು ನಾಡು ಅವಳಿಗೆ ಒಂದು ಆದೇಶಪತ್ರ ಕೊಡಬೇಕು.

ವೀಸಾ ನಿಯಮ ಬೇರೆ ದೇಶದ್ದು, ಇಲ್ಲಿ ಕೂತು ನಾವೇನು ಮಾಡಬಲ್ಲೆವು ಎಂಬ ಕೊನೆಯ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಕತಾರ್ ದೇಶ 2020ರಲ್ಲಿ ಮಾಲೀಕರ ಎನ್‌ಒಸಿ ಇಲ್ಲದೆಯೇ ಕೆಲಸ ಬದಲಿಸುವ ಅವಕಾಶವನ್ನು ಕಾನೂನಿನಲ್ಲಿ ತಂದದ್ದು ತಾನಾಗಿ ಅಲ್ಲ. ಹೊರಗಿನ ಒತ್ತಡ ವರ್ಷಗಟ್ಟಲೆ ಇತ್ತು. ನಮ್ಮ ಕಡೆಯ ಕೆಲಸವೂ ಕಡಿಮೆಯಿಲ್ಲ. ಭಾರತದ ವಲಸೆ ಕಾಯ್ದೆ 1983ರದು. ಕೊಲ್ಲಿ ದೇಶಗಳೂ ಸೇರಿ ಪಟ್ಟಿಯಲ್ಲಿರುವ 18 ದೇಶಗಳಿಗೆ ಕೂಲಿಗೆ ಹೋಗುವ, ಹತ್ತನೇ ತರಗತಿ ದಾಟದವರಿಗೆ ವಲಸೆ ಅನುಮತಿ ಬೇಕು. ಅವರ ಕರಾರನ್ನು ಸರ್ಕಾರಿ ಅಧಿಕಾರಿ ಒಮ್ಮೆಯಾದರೂ ನೋಡುತ್ತಾನೆ. ಹತ್ತನೇ ತರಗತಿ ಪಾಸಾದವರಿಗೆ ಆ ಅನುಮತಿಯ ಅಗತ್ಯವಿಲ್ಲ. ಓದಿದವರು ತಮ್ಮನ್ನು ತಾವು ನೋಡಿಕೊಳ್ಳುತ್ತಾರೆ ಎಂಬ ನಂಬಿಕೆಯ ಮೇಲೆ ನಿಂತ ವಿನಾಯಿತಿ ಇದು. ಪದವಿ ಪಡೆದ ಲೂಯಿಸಿಯಾನದ ಶಿಕ್ಷಕರು ಆ ನಂಬಿಕೆ ಎಷ್ಟು ಪೊಳ್ಳು ಎಂದು ತೋರಿಸಿದ್ದಾರೆ. ನೋಂದಾಯಿತ ಏಜೆಂಟರು ಅಭ್ಯರ್ಥಿಯಿಂದ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಪಡೆಯಬಾರದೆಂಬ ಮಿತಿ ನಮ್ಮಲ್ಲಿದೆ. ‘ತರಬೇತಿ’, ‘ಸಲಹೆ’, ‘ದಾಖಲೆ ಸಿದ್ಧತೆ’ ಎಂದು ರಸೀದಿಯ ತಲೆಬರಹ ಬದಲಿಸಿದರೆ ಸಾಕು, ಆ ಮಿತಿಯನ್ನು ದಾಟಿಬಿಡಬಹುದು.

1983ರ ಕಾಯ್ದೆಯ ಜಾಗಕ್ಕೆ ಹೊಸದನ್ನು ತರಲು ವಿದೇಶಾಂಗ ಸಚಿವಾಲಯ 2025ರಲ್ಲಿ ಕರಡು ಮಸೂದೆ ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಹೊಸ ಕಾಯ್ದೆ ಬರುವುದಾದರೆ ಅದರಲ್ಲಿ ಶಿಕ್ಷಕರ ನೇಮಕಾತಿಗೂ ಜಾಗವಿರಲಿ. ವಿದೇಶಿ ಶಾಲೆಯ ಕರಾರು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ದಾಖಲಾಗಲಿ. ಯಾವ ಹೆಸರಿನಲ್ಲಿ ಪಡೆದ ಹಣವಾದರೂ ನೇಮಕಾತಿ ಶುಲ್ಕವೆಂದೇ ಎಣಿಕೆಯಾಗಲಿ, ಆ ಹಣವನ್ನು ಕರೆಸಿಕೊಳ್ಳುವ ಶಾಲೆಯಿಂದಲೇ ವಸೂಲಿ ಮಾಡುವ ಷರತ್ತಿರಲಿ. ಬ್ರಿಟನ್, ಅಮೆರಿಕಗಳೊಡನೆ ಮಾತುಕತೆಗೆ ಕೂರುವಾಗ ನಮ್ಮ ಅಧಿಕಾರಿಗಳು ವೀಸಾಗಳ ಸಂಖ್ಯೆಯನ್ನಷ್ಟೇ ಕೇಳಿ ಬಾರದೆ, ಪ್ರಾಯೋಜಕ ಶಾಲೆ ತಪ್ಪಿತಸ್ಥ ಎಂದಾದ ದಿನ ಅಲ್ಲಿನ ಶಿಕ್ಷಕರಿಗೆ ಅದೇ ವೀಸಾದಲ್ಲಿ ಇನ್ನೊಂದು ಶಾಲೆ ಸೇರಲು ಪೂರ್ತಿ ಒಂದು ಶೈಕ್ಷಣಿಕ ವರ್ಷದ ಕಾಲಾವಕಾಶ ಬೇಕೆಂದು ಬರವಣಿಗೆಯಲ್ಲಿ ಕೇಳಲಿ.